ಲಾಲ್‌ಬಾಗಿನ ಖೋಲಿಯಲ್ಲಿ ದ್ವಾರಕಾ ಕಾಕಿಯ ಗೂಟ

ಮುಂಬಯಿಗೆ ಹೊರಟವರನ್ನು ನಮ್ಮ ಖಾಜಣವಾಡಿಯಲ್ಲಿ ಯಾರೂ "ಎಲ್ಲಿ ಉಳ್ಕೊಳ್ತೀರಿ" ಎಂದು ಕೇಳುವುದಿಲ್ಲ. "ಯಾರ ಮನೇಲಿ ಇಳೀತೀರಿ" ಎಂದೇ ಕೇಳುತ್ತಾರೆ. ಕೊಂಕಣದಲ್ಲಿ ಮಾಲವಣದ ದಂಡೆಯ ನಮ್ಮಂಥವರಿಗೆ ಮುಂಬಯಿ ಅಂದರೆ ಒಂದು ಊರಲ್ಲ, ಮನೆಗೊಂದು ಮುಂಬಯಿ. ತಮ್ಮ ಪನವೆಲಿನಲ್ಲಿದ್ದರೆ ಪನವೆಲೇ ಮುಂಬಯಿ. ತಂಗಿಯನ್ನು ಡೊಂಬಿವಲಿಗೆ ಕೊಟ್ಟಿದ್ದರೆ ಡೊಂಬಿವಲಿಯೇ ಮುಂಬಯಿ. ಉಳಿದ ಊರು, ಅದರ ಎತ್ತರದ ಕಟ್ಟಡಗಳು, ರಾಣಿಬಾಗಿನ ಹುಲಿ ಎಲ್ಲ ಆಮೇಲಿನ ಮಾತು.

ಹಾಗಾಗಿ ದ್ವಾರಕಾ ಕಾಕಿ "ಈ ಸಲ ನಾವು ಇಳಿಯೋದು ಲಾಲ್‌ಬಾಗಿನ ಖೋಲೀಲಿ" ಎಂದಾಗ, ಶಾಲೆಯ ಜಗಲಿಯಲ್ಲಿ ಕೂತಿದ್ದ ಹನ್ನೊಂದು ಹೆಂಗಸರೂ ಅವಳಿಗೆ ಬಿಸಿಲು ತಾಗಿದೆ ಎಂದೇ ತಿಳಿದರು. ಆ ಮಾತು ಯಾಕೆ ಬಂತೆಂದು ಹೇಳುವ ಮೊದಲು ಕಾಕಿ ಯಾರೆಂದು ಹೇಳಬೇಕು.

ದ್ವಾರಕಾಬಾಯಿ ಕುಬಲ್ ಮಾಲವಣದ ಮೀನು ಪೇಟೆಯಲ್ಲಿ ಮೀನು ಮಾರುವವಳು. ಬೆಳಿಗ್ಗೆ ದೋಣಿ ದಡಕ್ಕೆ ತಾಗುವಷ್ಟರಲ್ಲಿ ಅವಳ ಬುಟ್ಟಿ ನೀರಿನಂಚಿಗೆ ಬಂದಿರುತ್ತದೆ. ದನಿ ಎಂಥದ್ದು ಅಂದರೆ, ಅವಳು "ಬಾಂಗ್ಡೇ" ಎಂದು ಕೂಗಿದರೆ ಸಮುದ್ರದಲ್ಲಿರುವ ಬಾಂಗಡೆ ತಲೆಯೆತ್ತಿ ನೋಡುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಗಂಡ ಸಖಾರಾಮ ಲಾಲ್‌ಬಾಗಿನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಣಪತಿ ಹಬ್ಬಕ್ಕೊಮ್ಮೆ, ಹೋಳಿಗೊಮ್ಮೆ ಊರಿಗೆ ಬರುತ್ತಿದ್ದ. ಗಿರಣಿ ಮುಚ್ಚಿದ ಮೇಲೆ ಊರಿಗೇ ಬಂದು, ಬಲೆ ಹೊಲಿಯುತ್ತ ಕೆಲವು ವರ್ಷ ಇದ್ದು ತೀರಿಕೊಂಡ. ಇದ್ದೊಬ್ಬ ಮಗಳು ನಯನಾಳನ್ನು ವಿರಾರಿಗೆ ಕೊಟ್ಟಾಗಿದೆ. ಕಾಕಿ ಒಂಟಿ ಅಂದುಕೊಂಡೀರಿ. ಅವಳ ಮನೆಯ ಅಂಗಳ ಖಾಲಿ ಇದ್ದದ್ದನ್ನು ನೋಡಿದವರಿಲ್ಲ, ಯಾಕೆಂದರೆ ಊರಿನ ಫುಗಡಿ ತಂಡಕ್ಕೆ ಅವಳೇ ಯಜಮಾನಿ.

ಗಣಪತಿ ಹಬ್ಬದಲ್ಲಿ ನಮ್ಮ ಕಡೆಯ ಹೆಂಗಸರು ಕೈ ಕೈ ಹಿಡಿದು ಗಿರಗಿರನೆ ತಿರುಗುವುದೇ ಫುಗಡಿ. ಊರಲ್ಲಿ ಅದು ಹಬ್ಬ. ಮುಂಬಯಿಯಲ್ಲಿ ಅದು ಪಂದ್ಯ. ಪರಳದ ಹತ್ತಿರ ಒಂದು ದೊಡ್ಡ ಹಾಲಿನಲ್ಲಿ ಪ್ರತಿವರ್ಷ ಮಾಘದಲ್ಲಿ ಕೊಂಕಣದ ಊರೂರಿನ ತಂಡಗಳು ಸೇರುತ್ತವೆ. ತಂಡಕ್ಕೆ ಹನ್ನೆರಡು ಜನ ಇರಲೇಬೇಕು. ಹೆಸರು ಮೂರು ಸಲ ಕೂಗುತ್ತಾರೆ. ಅಷ್ಟರೊಳಗೆ ಹನ್ನೆರಡೂ ಜನ ನಿಂತಿರದಿದ್ದರೆ ತಂಡ ಹೊರಗೆ.

ಹೋದ ವರ್ಷ ಆದದ್ದೇ ಅದು. ಮುಂಬಯಿಯಲ್ಲಿ ಇಳಿದ ಕೂಡಲೇ ಹನ್ನೆರಡು ಜನ ನಾಲ್ಕು ದಿಕ್ಕಿಗೆ ಚದುರಿದರು. ಯಾವ ನೆಂಟರಲ್ಲಿಗೆ ಹೋಗದಿದ್ದರೂ ಅವರಿಗೆ ಸಿಟ್ಟು. ಕಾಕಿ ಮಗಳ ಮನೆಗೆ ವಿರಾರಿಗೆ ಹೋದಳು, ಶೇವಂತಿ ತಂಗಿಯ ಮನೆಗೆ ಡೊಂಬಿವಲಿಗೆ, ಪ್ರಭಾ ತಮ್ಮನಲ್ಲಿಗೆ ಪನವೆಲಿಗೆ. ಮರುದಿನ ಭಾನುವಾರ. ಮುಂಬಯಿಯಲ್ಲಿ ಭಾನುವಾರ ಅಂದರೆ ಹಳಿ ರಿಪೇರಿಯ ದಿನ, ಅರ್ಧ ಟ್ರೇನು ಓಡುವುದಿಲ್ಲ, ಅದಕ್ಕೆ ಮೆಗಾಬ್ಲಾಕ್ ಎನ್ನುತ್ತಾರೆ. ಅಲ್ಲಿ ಹುಟ್ಟಿದವರಿಗೆ ಅದು ಗೊತ್ತು. ಹಬ್ಬಕ್ಕೆ ಹೊರಟಂತೆ ಹೊರಟ ನಮ್ಮವರಿಗೆ ಎಲ್ಲಿಂದ ಗೊತ್ತಾಗಬೇಕು? ಖಾಜಣವಾಡಿಯ ಹೆಸರು ಮೂರು ಸಲ ಕೂಗಿದಾಗ ವೇದಿಕೆಯ ಮೇಲಿದ್ದವರು ಏಳು ಜನ. ಉಳಿದ ಐದು ಜನ ಠಾಣೆ ಊರಿನ ಆಚೆ ಟ್ರೇನಿನ ಕಿಟಕಿಯಿಂದ ಕೊಕ್ಕರೆಗಳನ್ನು ಎಣಿಸುತ್ತಿದ್ದರು.

ಅದನ್ನಾದರೂ ಮರೆಯಬಹುದಿತ್ತು. ಆದರೆ ಮೀನು ಪೇಟೆಯಲ್ಲಿ ಕಾಕಿಯ ಎದುರು ಕಟ್ಟೆಯಲ್ಲಿ ಕೂರುವವಳು ಪಕ್ಕದೂರು ದೇವುಳವಾಡಿಯ ಚಂದ್ರಭಾಗಾ, ಆ ಊರ ಫುಗಡಿ ತಂಡದ ಯಜಮಾನಿ. ಆ ವರ್ಷ ಗೆದ್ದವರೂ ಅವರೇ. ಮಾರನೆಯ ವಾರ ಕಾಕಿ ಬುಟ್ಟಿ ಇಳಿಸುತ್ತಿದ್ದಂತೆ ಚಂದ್ರಭಾಗಾ ಸುರಮಯಿ ಮೀನು ಕೊಯ್ಯುತ್ತ ತಲೆ ಎತ್ತದೆ ಕೇಳಿದಳು:

"ಟ್ರೇನ್ ಬಂತೇನೆ, ದ್ವಾರಕಾ?"

ಅಷ್ಟೇ. ಅಂದಿನಿಂದ ಐಸು ತರುವವನು ಕೇಳಿದ, ಗಿರಾಕಿಗಳು ಕೇಳಿದರು, ದೇವಸ್ಥಾನದ ಗುರವನೂ ತೀರ್ಥ ಕೊಡುತ್ತ ಕೇಳಿದ. ಇಡೀ ವರ್ಷ ಕಾಕಿ ಈ ಒಂದು ಮಾತು ನುಂಗಿಕೊಂಡೇ ಮೀನು ಮಾರಿದಳು. ಈ ಸಲ ಹನ್ನೆರಡೂ ಜನರನ್ನು ಹೊತ್ತಿಗೆ ಸರಿಯಾಗಿ ವೇದಿಕೆ ಹತ್ತಿಸದಿದ್ದರೆ ತಂಡವೇ ಬೇಡ, ಬಿಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದಳು.

ಆದ್ದರಿಂದ ಜಗಲಿಯ ಮೇಲೆ ಆ ಸಭೆ.

"ಡೊಂಬಿವಲೀಲಿ ನನ್ನ ತಂಗಿ ಮನೆ ದೊಡ್ಡದು, ಎಲ್ರೂ ಅಲ್ಲೇ ಇರೋಣ. ಲಿಫ್ಟೂ ಇದೆ" ಎಂದಳು ಶೇವಂತಿ.

"ಡೊಂಬಿವಲಿ ಮುಂಬಯೀನಾ? ಇನ್ನೊಂದ್ ಸ್ವಲ್ಪ ಹೋದ್ರೆ ಪುಣೆಯವರು ಚಹಾ ಕೊಡ್ತಾರೆ" ಎಂದಳು ಪ್ರಭಾ.

"ಪನವೆಲಿಗಿಂತ ವಾಸಿ. ಪನವೆಲ್ ಬಂತು ಅಂದ್ರೆ, ಮುಂಬಯಿ ಇನ್ನೂ ಬಂದಿಲ್ಲ ಅಂತ ಅರ್ಥ."

"ಹಾಗಾದ್ರೆ ವಿರಾರಿಗೆ ಹೋಗಿ, ಬೆಳಿಗ್ಗೆ ಗುಜರಾತಿನ ಕೋಳಿ ಕೂಗಿ ಎಬ್ಬಿಸ್ತದೆ" ಎಂದು ಹೇಳಿದ ಪ್ರಭಾ, ಅಲ್ಲಿ ಕಾಕಿಯ ಮಗಳಿದ್ದಾಳೆಂದು ನೆನಪಾಗಿ ಬಾಯಿಗೆ ಸೆರಗು ಮುಚ್ಚಿಕೊಂಡಳು.

ಕಾಕಿ ನಕ್ಕಳು. "ಕೋಳಿ ಕೂಗುತ್ತೆ ನಿಜ, ಟ್ರೇನ್ ಬರಲ್ಲ. ಕೇಳಿ. ಹೋದ ವರ್ಷ ಲಿಫ್ಟ್ ನೋಡಿದ್ವಿ, ಬಾಲ್ಕನಿ ನೋಡಿದ್ವಿ, ಸ್ಟೇಜ್ ಒಂದನ್ನ ನೋಡ್ಲಿಲ್ಲ. ಈ ಸಲ ಟ್ರೇನೇ ಬೇಡ. ನಡ್ಕೊಂಡು ಹೋಗೋ ಹಾಗಿರ್ಬೇಕು. ನಮ್ಮೂರವರ ಖೋಲಿ ಲಾಲ್‌ಬಾಗಲ್ಲಿ ಅರ್ಧ ಖಾಲಿ ಬಿದ್ದಿದೆ, ಪಂದ್ಯದ ಹಾಲಿಂದ ಎರಡು ಬೀದಿ. ಅಲ್ಲೇ ಇಳಿಯೋದು."

ಆಗ ಎಲ್ಲರಿಗೂ ಅವಳಿಗೆ ಬಿಸಿಲು ತಾಗಿದೆ ಅನ್ನಿಸಿದ್ದು. ಆ ಖೋಲಿ ಗಂಡಸರದು. ಗಿರಣಿಗಳ ಕಾಲದಲ್ಲಿ ಊರವರು ಸೇರಿ ಒಂದು ಚಾಳಿನ ಮೂರನೆಯ ಮಹಡಿಯಲ್ಲಿ ಹಿಡಿದದ್ದು. ಊರಿನ ಪ್ರತಿ ಮನೆಗೂ ಅಲ್ಲಿ ಒಂದು ಚಾಪೆಯ ಜಾಗ, ಗೋಡೆಯಲ್ಲಿ ಒಂದು ಗೂಟ. ಜಗಳ ಬರಬಾರದೆಂದು ಹಿರಿಯರು ಗೂಟಗಳನ್ನು ಊರಿನ ಮನೆಗಳ ಸಾಲಿನಲ್ಲೇ ಹೊಡೆದಿದ್ದರು. ಬಾಗಿಲ ಬಳಿ ಸಮುದ್ರದ ಕಡೆಯ ಮೊದಲ ಮನೆಯದು, ಬಚ್ಚಲ ಮೋರಿಯ ಬಳಿ ಗುಡ್ಡದ ಬುಡದ ಕೊನೆಯ ಮನೆಯದು. ಗಿರಣಿ ಮುಚ್ಚಿ ಹೆಚ್ಚಿನವರು ಹೋದರೂ ಗೂಟ ಕೀಳಲಿಲ್ಲ. ಗೌರಿ ಹಬ್ಬ ಬಂದಾಗ ಪ್ರತಿ ಮನೆಯಿಂದ ಖೋಲಿಗೆ ಅಕ್ಕಿ, ತೆಂಗಿನಕಾಯಿ ಹೋಗುವುದೂ ನಿಲ್ಲಲಿಲ್ಲ. ಈಗಲೂ ನಾಲ್ಕೈದು ಜನ ಅಲ್ಲಿರುತ್ತಾರೆ. ಆದರೆ ಊರಿನ ಒಬ್ಬ ಹೆಂಗಸೂ ಅಲ್ಲಿ ಚಾಪೆ ಹಾಸಿದ್ದಿಲ್ಲ. ಹೆಂಗಸರು ಆ ಖೋಲಿಯನ್ನು ನೋಡಿದ್ದೇ ಗಂಡಸರ ಮಾತಿನಲ್ಲಿ: ಯಾರು ಗೊರಕೆ ಹೊಡೆಯುತ್ತಾರೆ, ಯಾರು ಇನ್ನೊಬ್ಬರ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಇಂಥವು.

ಖೋಲಿಯನ್ನು ನೋಡಿಕೊಳ್ಳುವವನು ಭಿಕಾಜಿ ತಾತ್ಯಾ. ಊರಲ್ಲಿ ಅವನ ಮನೆ ಕಾಕಿಯ ಮನೆಗೆ ತಾಗಿದ್ದೇ. ಸಖಾರಾಮನ ಗೆಳೆಯನಾದ್ದರಿಂದ ಕಾಕಿಗೆ ಅವನು ಭಾವನ ಸಮಾನ, ಭಾವೋಜಿ; ಅವನಿಗೆ ಅವಳು ಅತ್ತಿಗೆ, ವೈನಿ. ಕಾಕಿ ಅಲ್ಲೇ ಎಲ್ಲರೆದುರು ಫೋನು ಹಚ್ಚಿದಳು.

"ಭಾವೋಜಿ, ನಾನು ದ್ವಾರಕಾ."

"ಯಾವ ದ್ವಾರಕಾ?"

"ನಿಮ್ಮ ಪಕ್ಕದ ಗೂಟದವನ ಹೆಂಡ್ತಿ" ಎಂದು, ವಿಷಯ ಹೇಳಿದಳು.

ಅತ್ತ ಕಡೆ ಪಾತ್ರೆ ಬಿದ್ದ ಸದ್ದಾಯಿತು. "ಹನ್ನೆರಡು ಹೆಂಗಸ್ರಾ? ವೈನಿ, ಇದು ಗಂಡಸರ ಖೋಲಿ. ಸ್ನಾನಕ್ಕೆ ಇರೋದು ಒಂದು ಮೋರಿ, ಅದಕ್ಕೆ ಬಾಗ್ಲೂ ಇಲ್ಲ, ಪರದೆ. ಅದೂ ಗಾಳಿಗೆ ಹಾರುತ್ತೆ. ಇಲ್ಲಿ ಟ್ಯಾಕ್ಸಿ ಓಡಿಸೋ ಉತ್ತಮ ಇಡೀ ದಿನ ಟವೆಲಲ್ಲೇ ಅಡ್ಡಾಡ್ತಾನೆ."

"ಟವೆಲ್ ಉಟ್ಟ ಗಂಡಸ್ರನ್ನ ನೋಡದವಳು ನಮ್ಮೂರಲ್ಲಿ ಯಾರಿದ್ದಾಳೆ?"

"ಆಗಲ್ಲ ಅಂದ್ರೆ ಆಗಲ್ಲ ವೈನಿ. ಹಿಂದಿಂದ ಬಂದ ಪದ್ಧತಿ."

"ಏನೂ ಕೇಳಿಸ್ತಿಲ್ಲ ಭಾವೋಜಿ, ಇಲ್ಲಿ ಅಲೆ ಜಾಸ್ತಿ" ಎಂದು ಕಾಕಿ ಫೋನು ಇಟ್ಟಳು. ಅವತ್ತು ಸಮುದ್ರ ಎಣ್ಣೆ ಸುರಿದ ಹಾಗೆ ಮಲಗಿತ್ತು.

"ಏನಂದ್ರು?" ಎಂದು ಶೇವಂತಿ ಕೇಳಿದಳು.

"ಚಾಪೆ ತನ್ನಿ ಅಂದ್ರು" ಎಂದಳು ಕಾಕಿ.

ಶನಿವಾರ ಬೆಳಿಗ್ಗೆ ದಾದರಿನಲ್ಲಿ ರೈಲು ಇಳಿದರೆ ಪ್ಲಾಟ್‌ಫಾರ್ಮಿನ ಮೇಲೆ ದೊಡ್ಡ ಎಳೆದಾಟ. ಶೇವಂತಿಯ ತಂಗಿ ಒಂದು ಚೀಲ ಹಿಡಿದುಕೊಂಡಿದ್ದಾಳೆ, ಪ್ರಭಾಳ ತಮ್ಮ ಇನ್ನೊಂದು. ನಯನಾ ತಾಯಿಯ ಎದುರು ಮುಖ ಗಂಟಿಕ್ಕಿಕೊಂಡು ನಿಂತಿದ್ದಾಳೆ.

"ಆಯೀ, ನಮ್ಮನೇಲಿ ನಿಂಗೆ ಏನು ಕಮ್ಮಿಯಾಗಿತ್ತು? ಹೋಗಿ ಹೋಗಿ ಆ ಚಾಳಿಗೆ? ಅಲ್ಲಿ ಸಂಡಾಸಿಗೂ ಸಾಲು ನಿಲ್ಬೇಕು. ಅತ್ತೆಯವರು ಏನಂದ್ಕೋಬೇಕು?"

"ನಿಮ್ಮತ್ತೆಗೆ ಹೇಳು, ನಿಮ್ಮನೇಲಿ ಏನೂ ಕಮ್ಮಿ ಇಲ್ಲ, ದೂರ ಒಂದು ಜಾಸ್ತಿ ಅಂತ. ನಾಳೆ ಕುಣಿದು ಮುಗಿಸಿ ಬರ್ತೀನಿ. ಬಂದ್ರೆ ನೀನೇ ಹೊರಡು ಅನ್ನೋವರೆಗೂ ಹೋಗಲ್ಲ. ಈಗ ಆ ಚೀಲ ಬಿಡು, ಅದರಲ್ಲಿ ಒಣ ಬೊಂಬಿಲಿದೆ."

ಬೊಂಬಿಲ್ ಎಂದ ಕೂಡಲೇ ನಯನಾ ಚೀಲ ಬಿಟ್ಟಳು. ಅವಳ ಕಟ್ಟಡದಲ್ಲಿ ಮೀನಿನ ವಾಸನೆ ಬಂದರೆ ಅಕ್ಕಪಕ್ಕದವರು ದೂರು ಕೊಡುತ್ತಾರೆ. ಉಳಿದ ಬಂಧುಗಳೂ ಗೊಣಗುತ್ತ ಹಿಂದೆ ಸರಿದರು. ಎಲ್ಲರಿಗೂ ಕಾಕಿ ಒಂದೇ ಉತ್ತರ ಕೊಟ್ಟಳು: "ನಾಳೆ ಆದ್ಮೇಲೆ. ಇವತ್ತೊಂದಿನ ನಾವು ಯಾರ ನೆಂಟರೂ ಅಲ್ಲ."

ಚಾಳಿನ ಮೂರು ಮಹಡಿ ಹತ್ತಿ ಮೇಲೆ ಬಂದರೆ ತಾತ್ಯಾ ಖೋಲಿಯ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದ. ಒಳಗಿನಿಂದ ಉತ್ತಮ ಟವೆಲಿನಲ್ಲಿ ಇಣುಕಿ, ಹನ್ನೆರಡು ಮುಖ ನೋಡಿ, ಮೋರಿಯ ಪರದೆಯ ಹಿಂದೆ ಸೇರಿಕೊಂಡ.

"ವೈನಿ, ನಾನು ಫೋನಲ್ಲಿ ಹೇಳಿದ್ನಲ್ಲ."

"ಹೇಳಿದ್ರಿ. ಹೋಗ್ಲಿ, ಒಂದು ಮಾತು ಕೇಳ್ತೀನಿ. ಗಣಪತಿಗೆ ನೀವೆಲ್ಲ ಊರಿಗೆ ಬರ್ತೀರಲ್ಲ, ಮನೆ ತುಂಬ ಚಾಪೆ ಹಾಸ್ತೀರಲ್ಲ, ಆಗ ನಾವು ಹೆಂಗಸರು ಎಲ್ಲಿ ಮಲಗ್ತೀವಿ?"

ತಾತ್ಯಾ ಬಾಗಿಲ ಚೌಕಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

"ಹೇಳಿ ಭಾವೋಜಿ. ನಿಮ್ಮ ಹೆಂಡ್ತಿ ಎಲ್ಲಿ ಮಲಗ್ತಾಳೆ?"

"ಅಡುಗೆಮನೇಲಿ" ಎಂದ ತಾತ್ಯಾ ಸಣ್ಣ ದನಿಯಲ್ಲಿ.

"ಅವಳದ್ದು ಪುಣ್ಯ. ನಾನು ಕೊಟ್ಟಿಗೆ ಪಕ್ಕ. ಮದುವೆ ಆದಾಗಿಂದ ಪ್ರತಿ ವರ್ಷ. ಇವತ್ತೊಂದು ದಿನ ನೀವು ಹೊರಗೆ ಗ್ಯಾಲರೀಲಿ ಮಲಗಿ. ಗಾಳಿ ಚೆನ್ನಾಗಿ ಬರುತ್ತೆ, ಪರದೆ ಹಾರೋಷ್ಟು."

ಪರದೆಯ ಹಿಂದಿನಿಂದ ಉತ್ತಮ ಕಿಸಕ್ಕನೆ ನಕ್ಕ. ತಾತ್ಯಾ ಇನ್ನೂ ಕೈ ತೆಗೆದಿರಲಿಲ್ಲ. ಆದರೆ ಶೇವಂತಿ ಸಣಕಲು ಹೆಂಗಸು, ಅವನ ಕೈ ಕೆಳಗಿಂದ ನುಸುಳಿ ಒಳಗೆ ಹೋದಳು. ಹೋದವಳು ಯಾರನ್ನೂ ಕೇಳಲಿಲ್ಲ. ನೇರ ಮೂರನೆಯ ಗೂಟಕ್ಕೆ ಹೋಗಿ ಚೀಲ ನೇತುಹಾಕಿದಳು. ಊರಲ್ಲಿ ಅವಳದು ಸಮುದ್ರದಿಂದ ಮೂರನೆಯ ಮನೆ. ಅವಳ ಹಿಂದೆ ಪ್ರಭಾ ನುಸುಳಿ ಮೋರಿಯ ಬಳಿಯ ಕೊನೆಯ ಗೂಟ ಹಿಡಿದಳು, ಗುಡ್ಡದ ಬುಡದವಳು. ಹೀಗೆ ಒಬ್ಬೊಬ್ಬರೂ ಊರಿನ ಓಣಿಯಲ್ಲಿ ನಡೆದ ಹಾಗೆ ನಡೆದು, ಮಾವನದೋ ಗಂಡನದೋ ಗೂಟಕ್ಕೆ ತಮ್ಮ ಚೀಲ ಹಾಕಿದರು. ಒಬ್ಬಳೂ ತಪ್ಪಲಿಲ್ಲ. ಒಬ್ಬಳು ಮಾತ್ರ "ಇದು ನಮ್ಮದು, ಆದ್ರೆ ಇದರಲ್ಲಿ ಯಾರದ್ದೋ ಲಂಗೋಟಿ ಇದೆ" ಎಂದಳು. ಪರದೆಯ ಹಿಂದಿನಿಂದ "ಅದು ನಂದು ವೈನಿ, ಈಚೆ ಎಸೀರಿ" ಎಂದು ಉತ್ತಮನ ದನಿ ಬಂತು.

ತಾತ್ಯಾನ ಕೈ ತಾನಾಗಿ ಇಳಿಯಿತು. ಕೊನೆಗೆ ಒಳಗೆ ಬಂದ ಕಾಕಿ ತನ್ನ ಗೂಟದ ಮುಂದೆ ನಿಂತಳು. ಅದು ಖಾಲಿ ಇರಲಿಲ್ಲ. ಸಖಾರಾಮನ ಕಪ್ಪು ಛತ್ರಿ ಅಲ್ಲಿ ನೇತಾಡುತ್ತಿತ್ತು, ಮೇಲೆ ಧೂಳಿನ ಒಂದು ಕಣವಿಲ್ಲ.

"ಯಾರೂ ತಗೊಂಡು ಹೋಗ್ಲಿಲ್ವಾ?" ಎಂದು ಕೇಳಿದಳು.

"ಯಾರು ತಗೊಳ್ತಾರೆ? ಗೂಟ ಅವಂದಲ್ವಾ" ಎಂದ ತಾತ್ಯಾ. ಆಮೇಲೆ ದೊಡ್ಡ ಪಾತ್ರೆ ಕೆಳಗಿಳಿಸಿ, "ಅನ್ನ ಎಷ್ಟು ಜನಕ್ಕೆ ಮಾಡ್ಲಿ?" ಎಂದು ಗದರಿದ.

ಅಂದು ಸಂಜೆ ಹಾಲಿನಲ್ಲಿ ಸರದಿಯ ಚೀಟಿ ಎತ್ತಿದರು. ದೇವುಳವಾಡಿಯದು ಎರಡನೆಯದು, ಖಾಜಣವಾಡಿಯದು ಮಧ್ಯಾಹ್ನದ ಊಟದ ಮೇಲೆ. ಚಂದ್ರಭಾಗಾಳ ತಂಡ ಕಲ್ಯಾಣದಲ್ಲಿ ಯಾರದೋ ಹೊಸ ಫ್ಲ್ಯಾಟಿನಲ್ಲಿ ಇಳಿದಿದೆ ಎಂದು ಗೊತ್ತಾಯಿತು. ಲಾಲ್‌ಬಾಗಿನ ಖೋಲಿಯ ಸುದ್ದಿ ಕೇಳಿ ಅವಳು "ಗಂಡಸರ ಖೋಲೀಲಾ? ಅಯ್ಯೋ ನನ್ನವ್ವ" ಎಂದು ಗಲ್ಲಕ್ಕೆ ಬೆರಳಿಟ್ಟುಕೊಂಡಿದ್ದಳಂತೆ.

ಮರುದಿನ ಬೆಳಿಗ್ಗೆ ನಮ್ಮವರಿಗೆ ಆತುರವೇನೂ ಇರಲಿಲ್ಲ. ಕೆಲವರು ತಲೆಗೆ ನೀರು ಹಾಕಿಕೊಂಡರು, ಕೆಲವರು ತಾತ್ಯಾನಿಗೆ ಕಾಯಿ ತುರಿದುಕೊಟ್ಟರು. ಸ್ಟೇಜು ನೋಡಿಕೊಂಡು ಬರೋಣವೆಂದು ಕಾಕಿ ಶೇವಂತಿಯನ್ನು ಕರೆದುಕೊಂಡು ಹಾಲಿಗೆ ಹೋದಳು. ಮೊದಲ ತಂಡ ಆಗಲೇ ಕುಣಿಯುತ್ತಿತ್ತು. ವೇದಿಕೆಯ ಪಕ್ಕ ಪಂದ್ಯ ನಡೆಸುವ ಗೃಹಸ್ಥ ಫೋನು ಹಿಡಿದು ಬೈದಾಡುತ್ತಿದ್ದ.

"ಏನಾಯ್ತು ದಾದಾ?" ಎಂದು ಕೇಳಿದಳು ಕಾಕಿ.

"ಆಗೋದೇನು, ಮೆಗಾಬ್ಲಾಕ್. ದೇವುಳವಾಡಿಯವರು ಕುರ್ಲಾದಲ್ಲಿ ನಿಂತಿದ್ದಾರಂತೆ. ಮುಂದಿನ ಸರದಿ ಅವರದ್ದೇ. ಮೂರು ಸಲ ಕೂಗ್ತೀನಿ, ಇಲ್ಲಾಂದ್ರೆ ಹೆಸರು ಹೊಡೆದು ಹಾಕ್ತೀನಿ."

ಶೇವಂತಿ ಕಾಕಿಯ ತೋಳು ಚಿವುಟಿದಳು. "ದೇವರಿದ್ದಾನೆ ಕಾಕಿ. ಊರಿಗೆ ಹೋದ್ಮೇಲೆ ಪೇಟೇಲಿ ನಾವು ಕೇಳೋಣ, ಟ್ರೇನ್ ಬಂತಾ ಅಂತ."

ಕಾಕಿ ನಗಲಿಲ್ಲ. ಬಾಗಿಲ ಕಡೆ ನೋಡಿದಳು. ಹೋದ ವರ್ಷ ತಾನು ಅದೇ ಬಾಗಿಲನ್ನು ನೋಡುತ್ತ ನಿಂತದ್ದು ಅವಳಿಗೆ ನೆನಪಿರಲೇಬೇಕು. ಆಮೇಲೆ ತಿರುಗಿ, "ದಾದಾ, ಅವರ ಸರದೀಲಿ ನಾವು ಕುಣೀತೀವಿ. ನಮ್ಮದನ್ನ ಅವರಿಗೆ ಕೊಡಿ" ಎಂದಳು.

"ಕಾಕೀ" ಎಂದು ಶೇವಂತಿ ನರಳಿದಳು, "ನಮ್ಮವರು ಇನ್ನೂ ಒದ್ದೆ ತಲೇಲಿ ಕೂತಿದ್ದಾರೆ. ಪ್ರಭಾ ಮೋರೀಲಿದ್ದಾಳೆ."

ಆ ಗೃಹಸ್ಥ ಕಾಕಿಯನ್ನು ಮೇಲಿಂದ ಕೆಳಗೆ ನೋಡಿದ. "ಬದಲಾಯಿಸ್ತೀನಿ ತಾಯಿ. ಆದ್ರೆ ಈ ಕುಣಿತ ಮುಗಿಯೋದ್ರೊಳಗೆ ಹನ್ನೆರಡೂ ಜನ ಇಲ್ಲಿರ್ಬೇಕು. ಇಲ್ಲಾಂದ್ರೆ ನಿಮ್ಮದೂ ಹೋಯ್ತು, ಅವರದ್ದೂ ಹೋಯ್ತು."

ಕಾಕಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಓಡಿದಳು. ಶೇವಂತಿ ಓಡುತ್ತಲೇ ಫೋನು ಹಚ್ಚಿದಳು. ಗೂಟಗಳಲ್ಲಿ ನೇತಾಡುತ್ತಿದ್ದ ಚೀಲಗಳೊಳಗೆ ಫೋನುಗಳು ಒಂದಾದ ಮೇಲೊಂದು ಹೊಡೆದುಕೊಂಡವು, ಎತ್ತುವವರಿಲ್ಲ. ಚಾಳಿನ ಕೆಳಗೆ ಬಂದ ಕಾಕಿ ಮೆಟ್ಟಿಲು ಹತ್ತಲಿಲ್ಲ. ಬೀದಿಯ ನಡುವೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ದಡಕ್ಕೆ ಬರುವ ದೋಣಿಯನ್ನು ಕರೆಯುವ ದನಿಯಲ್ಲಿ ಕೂಗಿದಳು:

"ಖಾಜಣವಾಡೀ... ಇಳೀರೇ ಕೆಳಗೆ."

ಚಾಳಿಗೆ ಚಾಳೇ ಗ್ಯಾಲರಿಗೆ ಬಂತು. ಮಸಾಲೆ ಕುಟ್ಟುವ ಅಂಗಡಿಯವರು ಯಂತ್ರ ನಿಲ್ಲಿಸಿದರು. ಮರುಗಳಿಗೆಯಲ್ಲಿ ಮೆಟ್ಟಿಲ ಮೇಲೆ ಬಳೆಗಳ ಸದ್ದು. ಒಬ್ಬಳ ಸೆರಗು ಹೆಗಲ ಮೇಲೆ, ಒಬ್ಬಳದು ಕೈಯಲ್ಲಿ. ಪ್ರಭಾಳ ತಲೆಯಿಂದ ನೀರು ಸುರಿಯುತ್ತಿತ್ತು. ಅವರ ಹಿಂದೆ ಅಬ್ಬಲಿಗೆ ದಂಡೆಗಳ ಬುಟ್ಟಿ ಹಿಡಿದು, ಬಾಯಲ್ಲಿ ಹೇರ್‌ಪಿನ್ನುಗಳನ್ನು ಕಚ್ಚಿಕೊಂಡು ತಾತ್ಯಾ. ದೊಡ್ಡ ರಸ್ತೆಗೆ ಬಂದರೆ ವಾಹನಗಳು ಬಿಡುತ್ತಿಲ್ಲ. ಆಗ ಉತ್ತಮ ಟವೆಲಿನಲ್ಲೇ ರಸ್ತೆಯ ಮಧ್ಯೆ ಹೋಗಿ ಎರಡೂ ಕೈ ಚಾಚಿ ನಿಂತ. ಬಸ್ಸು ನಿಂತಿತು, ಟ್ಯಾಕ್ಸಿಗಳು ನಿಂತವು.

"ಏ ಉತ್ತಮ್ಯಾ, ಬಟ್ಟೆ ಹಾಕ್ಕೊಳ್ಳೋ" ಎಂದು ಒಬ್ಬ ಟ್ಯಾಕ್ಸಿಯವನು ಕೂಗಿದ.

"ಮೊದಲು ನಮ್ಮೂರು ದಾಟ್ಲಿ" ಎಂದ ಉತ್ತಮ.

ಹೆಸರು ಎರಡನೆಯ ಸಲ ಕೂಗುವಾಗ ಹನ್ನೊಂದು ಜನ ವೇದಿಕೆಯ ಮೇಲಿದ್ದರು. ಮೂರನೆಯ ಸಲ ಕೂಗುವಾಗ ಪ್ರಭಾ ಮೆಟ್ಟಿಲು ಎಡವಿ, ಎದ್ದು, ಕಾಕಿಯ ಕೈ ಹಿಡಿದಳು. ವರ್ತುಲ ಪೂರ್ತಿಯಾಯಿತು.

ಆ ಫುಗಡಿಯನ್ನು ನೋಡಿದವರು ಇವತ್ತಿಗೂ ನೆನೆಸುತ್ತಾರೆ. ಅರ್ಧ ಜನರ ಕೂದಲು ಒದ್ದೆ. ಅವರು ಗಿರ್ರನೆ ತಿರುಗಿದ ಹಾಗೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದ ತೀರ್ಪುಗಾರರ ಮೇಲೆ ಹನಿ ಹನಿ ನೀರು. ಒಬ್ಬ ತೀರ್ಪುಗಾರ ಕನ್ನಡಕ ಒರೆಸಿ ಒರೆಸಿ ಕೊನೆಗೆ ತೆಗೆದೇ ಇಟ್ಟ. ಬಾಗಿಲ ಬಳಿ ನಿಂತ ತಾತ್ಯಾ, ಪಿನ್ನು ಬಾಯಲ್ಲಿರುವುದನ್ನೂ ಮರೆತು, ತಾಳ ಹಾಕುತ್ತಿದ್ದ.

ಕುಣಿತ ಮುಗಿದು ಬಹಳ ಹೊತ್ತಾದ ಮೇಲೆ ಚಂದ್ರಭಾಗಾ ತನ್ನವರನ್ನು ಎಳೆದುಕೊಂಡು ಬಂದಳು. ಮುಖ ಸೋತುಹೋಗಿತ್ತು. ಹೆಸರು ಹೋಯಿತೆಂದೇ ತಿಳಿದಿದ್ದಳು. ಊಟದ ಮೇಲೆ ನಿಮ್ಮ ಸರದಿ, ಆ ತಾಯಿ ಬಿಟ್ಟುಕೊಟ್ಟಿದ್ದು ಎಂದು ಗೃಹಸ್ಥ ಕೈ ತೋರಿಸಿದ. ಅಲ್ಲಿ ಗೋಡೆಗೊರಗಿ ಕಾಕಿ ಕಾಲು ಚಾಚಿ ಕೂತಿದ್ದಳು.

"ಟ್ರೇನ್ ಬಂತೇನೆ, ಚಂದ್ರಭಾಗಾ?"

ಚಂದ್ರಭಾಗಾ ಹೆಗಲ ಚೀಲ ಕೆಳಗೆ ಹಾಕಿದಳು. ಆಮೇಲೆ ನಗು ತಡೆಯಲಾಗದೆ ಅಲ್ಲೇ ಕಾಕಿಯ ಪಕ್ಕ ಕುಸಿದಳು. "ಬಂತೇ ಮಾರಾಯ್ತಿ, ಬಂತು. ನಿನ್ನ ಬಾಯಿಗಿಷ್ಟು ಬೆಂಕಿ ಹಾಕ" ಎನ್ನುತ್ತ ಕಣ್ಣೊರೆಸಿಕೊಂಡಳು. ಕಾಕಿ ತನ್ನ ಕೋಕಂ ಶರಬತ್ತಿನ ಬಾಟಲಿಯನ್ನು ಅವಳ ಕೈಗಿಟ್ಟಳು.

ಗೆದ್ದವರು ಯಾರು? ದೇವುಳವಾಡಿಯವರೇ. ನಮ್ಮದು ಎರಡನೆಯ ಸ್ಥಾನ. ಶೇವಂತಿ ವಾರವಿಡೀ ಮುಖ ಊದಿಸಿಕೊಂಡಿದ್ದಳು. "ಸರದಿ ಕೊಡದೇ ಇದ್ದಿದ್ರೆ ನಮ್ದೇ ಆಗ್ತಿತ್ತಲ್ಲ ಕಾಕಿ" ಎಂದರೆ, "ಅವಳು ಬರದೇ ಹೋಗಿದ್ರೆ ನಾನು ಯಾರನ್ನ ಕೇಳ್ಬೇಕಿತ್ತು ಹೇಳು" ಎನ್ನುತ್ತಿದ್ದಳು ಕಾಕಿ. ಆದರೂ ಆ ತೀರ್ಪುಗಾರನ ಕನ್ನಡಕದ ಮೇಲೆ ಅವಳಿಗೆ ಈಗಲೂ ಸಂಶಯವಿದೆ.

ಮಾತು ಕೊಟ್ಟಂತೆ ವಿರಾರಿಗೂ ಹೋದಳು. ನಯನಾಳ ಅತ್ತೆ ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ತಾವೇ ಬೊಂಬಿಲ್ ಹುರಿಸಿಕೊಂಡು ತಿಂದರಂತೆ.

ಈಗ ಪೇಟೆಯಲ್ಲಿ ಕಾಕಿಯ ಬುಟ್ಟಿಗೆ ಒಂದು ಕಪ್ಪು ಛತ್ರಿಯ ನೆರಳಿದೆ. ಅವಳು ಊರಿಗೆ ಮರಳಿದ ಕೆಲವು ದಿನಕ್ಕೆ ಉತ್ತಮ ರಜೆಯ ಮೇಲೆ ಬಂದವನು, ಈ ಸಲ ಪ್ಯಾಂಟು ಹಾಕಿಕೊಂಡು, ಅವಳ ಮುಂದೆ ನಿಂತ.

"ಕಾಕಿ, ತಾತ್ಯಾ ಹೇಳಿ ಕಳ್ಸಿದ್ದಾರೆ. ಛತ್ರಿ ತಗೊಂಡ್ರಿ ಸರಿ, ಆದ್ರೆ ನಿಮ್ಮ ಚೀಲ ಗೂಟದಲ್ಲೇ ಮರೆತು ಬಂದಿದ್ದೀರಂತೆ. ಬಾಚಣಿಗೆ, ಎಣ್ಣೆ ಬಾಟಲಿ ಎಲ್ಲ ಇದೆ. ಯಾರ ಕೈಲಿ ಕಳಿಸ್ಲಿ ಅಂತ ಕೇಳಿದ್ರು."

ಕಾಕಿ ಬಾಂಗಡೆಗಳ ಮೇಲೆ ನೀರು ಚಿಮುಕಿಸುತ್ತಿದ್ದಳು.

"ಮರೆತದ್ದಲ್ಲ ಅಂತ ಹೇಳು" ಎಂದಳು. "ಅಲ್ಲೇ ಇರ್ಲಿ."